ಅಳಿಸಿಹೋದ ಹನ್ನೊಂದು ಅರ್ಜಿಗಳು

"ನಿಮ್ಮ ಅರ್ಜಿ ಸ್ವೀಕೃತವಾಗಿದೆ. ಧನ್ಯವಾದಗಳು."

ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದ್ದೇ ತಡ, ಸುಕನ್ಯಾಳ ಮುಖ ಬಿಳಿಚಿಕೊಂಡಿತು.

ಏಕೆಂದರೆ ಆ ಅರ್ಜಿಯಲ್ಲಿ ಏನೂ ಇರಲಿಲ್ಲ! ಹೆಸರಿಲ್ಲ, ತಂದೆಯ ಹೆಸರಿಲ್ಲ, ಊರಿಲ್ಲ, ಅಂಕಗಳಿಲ್ಲ... ಬರೀ ಖಾಲಿ ಫಾರಂ. ಅವಳೇ ಹದಿನೈದು ದಿನ ಕೂತು ಕೋಡ್ ಬರೆದು ಮಾಡಿದ ಫಾರಂ. ಒಂದು ಖಾನೆ ಬಿಟ್ಟರೂ ಮುಂದೆ ಹೋಗಲು ಬಿಡುವುದಿಲ್ಲ ಎಂದು ಈಗಷ್ಟೇ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿದ್ದಳು.

"ಏನ್ರೀ ಮಾಡಿದ್ರಿ ನೀವು? ಖಾಲಿ ಫಾರಂ ಹೆಂಗ ಹೋತು?" ಅವಳು ಪರದೆಗೆ ಬಾಗಿ ಕೇಳಿದಳು.

ಕುರ್ಚಿಯಲ್ಲಿ ಕೂತಿದ್ದ ಯುವಕ ಮೌಸ್ ಬಿಟ್ಟು ಕೈಕಟ್ಟಿಕೊಂಡ. "ತಪ್ಪು ತಿಳ್ಕಬ್ಯಾಡ್ರಿ ಮೇಡಂ. ಬ್ರೌಸರ್‌ನಾಗೆ ಖಾನೆ ತಪಾಸಣೆ ಮಾಡೋ ಜಾವಾಸ್ಕ್ರಿಪ್ಟ್ ಆಫ್ ಮಾಡ್ದೆ, ಅಷ್ಟೇ. ನಿಮ್ಮ ಕಾವಲು ಪೂರಾ ಬಾಗಿಲ ಹೊರಗೇ ಐತೆ. ಒಳಗೆ ಯಾರೂ ಇಲ್ಲ."

ಬ್ರೌಸಿಂಗ್ ಸೆಂಟರ್‌ನಲ್ಲಿದ್ದ ನಾಲ್ಕೈದು ಮಂದಿ ಕಿಸಕ್ಕನೆ ನಕ್ಕರು. ಸುಕನ್ಯಾಳಿಗೆ ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು.

'ಯಾರಪ್ಪ ಇವನು... ಬಂದ ಹತ್ತು ನಿಮಿಷದಾಗ ನನ್ನ ಮಾನ ಕಳೆದ್ನಲ್ಲ!'

ಅದು 2007ರ ಮೇ ತಿಂಗಳು. ಕೊಟ್ಟೂರು ಬಸ್ ಸ್ಟ್ಯಾಂಡ್ ಎದುರಿನ ಜಂಬಣ್ಣನ ಬ್ರೌಸಿಂಗ್ ಸೆಂಟರ್. ಹಗರಿಬೊಮ್ಮನಹಳ್ಳಿಯ ಒಂದು ಟ್ರಸ್ಟ್‌ನವರು ಹಳ್ಳಿ ಹುಡುಗಿಯರಿಗಾಗಿ ಉಚಿತ ಹಾಸ್ಟೆಲ್ ನಡೆಸುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿದ್ದು ಪಿಯುಸಿ ಓದಬಹುದು. ಅರವತ್ತು ಸೀಟು, ಅಂಕದ ಮೇಲೆ ಆಯ್ಕೆ. ಆ ವರ್ಷ ಮೊದಲ ಸಲ ಐದು ಊರುಗಳ ಸುತ್ತಿನ ಅರ್ಜಿಗಳನ್ನೆಲ್ಲ ಇಂಟರ್ನೆಟ್ಟಿನಲ್ಲೇ ಪಡೆಯಬೇಕೆಂದು ತೀರ್ಮಾನಿಸಿ ಕೆಲಸವನ್ನು ಜಂಬಣ್ಣನಿಗೆ ಒಪ್ಪಿಸಿದ್ದರು. ಜಂಬಣ್ಣ ಅದನ್ನು ತನ್ನಲ್ಲಿ ಕೆಲಸಕ್ಕಿದ್ದ ಸುಕನ್ಯಾಳಿಗೆ ಒಪ್ಪಿಸಿದ್ದ.

ನಗು ನಿಂತ ಮೇಲೆ ಟ್ರಸ್ಟ್‌ನ ಕಾರ್ಯದರ್ಶಿ ಗುರುಬಸವರಾಜರು ಗಂಟಲು ಸರಿಪಡಿಸಿಕೊಂಡರು. "ಇವರು ಉಜ್ಜಿನಪ್ಪ ಅಂತ. ಹರಪನಹಳ್ಳಿಯವರು. ನಮ್ಮ ಆಫೀಸಿನ ಕಂಪ್ಯೂಟರ್ ನೋಡ್ಕೊಂತಾರ. ನಾಳಿಂದ ಅರ್ಜಿ ಬಂದು ಬೀಳೋ ಸರ್ವರ್ ಕೆಲಸ ಇವರದು, ಫಾರಂ ಕೆಲಸ ನಿಮ್ದು. ಇಬ್ರೂ ಕೂಡಿ ಮಾಡ್ರಿ."

ಉಜ್ಜಿನಪ್ಪ! ಇಪ್ಪತ್ತಾರರ ಹುಡುಗನಿಗೆ ಅಜ್ಜನ ಹೆಸರು. ಬೇರೆ ಹೊತ್ತಾಗಿದ್ದರೆ ಸುಕನ್ಯಾಳಿಗೆ ನಗು ಬರುತ್ತಿತ್ತು. ಆಗ ಕಣ್ಣೀರು ಬಂತು. ನೀರು ಕುಡಿಯುವ ನೆಪದಲ್ಲಿ ಎದ್ದು ಹಿಂದಿನ ಕೋಣೆಗೆ ಹೋದಳು.

ಮರುದಿನ ಅವನು ಬಂದವನೇ ಮೊದಲು ಕೇಳಿದ್ದು ಕ್ಷಮೆ.

"ಎಲ್ರ ಮುಂದೆ ತೋರಿಸಬಾರದಿತ್ತು ನಾನು. ಬುದ್ಧಿ ಇಲ್ಲ ನಂಗೆ."

"ಬುದ್ಧಿ ಐತಿ. ತೋರಿಸೋ ಚಟಾನೂ ಐತಿ," ಎಂದಳು ಸುಕನ್ಯಾ. ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಆದರೆ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು ಜಾಗ ಕೊಟ್ಟಳು.

ಜಗಳ ಅಲ್ಲಿಂದಲೇ ಶುರು. ತಪಾಸಣೆ ಎಲ್ಲಿ, ಯಾವ ಸಾಮಾನಿನಿಂದ ಮಾಡಬೇಕು ಎಂಬುದೇ ಜಗಳ.

ಅವನ ವಾದ, ಎಲ್ಲ ತಪಾಸಣೆ ಸರ್ವರ್‌ನಲ್ಲೇ ಆಗಬೇಕು. ಅವಳ ವಾದ, ಹಾಗೆ ಮಾಡಿದರೆ ಒಂದು ತಪ್ಪಿಗೆ ಪುಟ ಪೂರ್ತಿ ಸರ್ವರ್‌ಗೆ ಹೋಗಿ ವಾಪಸ್ ಬರಬೇಕು.

"ಇಲ್ಲಿ ನೆಟ್ ಹೆಂಗೈತಿ ಗೊತ್ತೇನ್ರಿ? ಪುಟ ವಾಪಸ್ ಬರೋದ್ರಾಗ ಕರೆಂಟ್ ಹೋಕ್ಕತಿ. ತುಂಬಿದ್ದೆಲ್ಲಾ ಹೋಕ್ಕತಿ. ಹುಡುಗ್ಯಾರು ಅಳ್ತಾವು!"

"ಹಂಗಾದ್ರೆ ಎರಡೂ ಕಡೆ ಮಾಡಾಣ," ಎಂದ ಉಜ್ಜಿನಪ್ಪ. "ಪುಟದಾಗಿನ ತಪಾಸಣೆ ತುಂಬೋರ ಅನುಕೂಲಕ್ಕೆ. ಸರ್ವರ್‌ನಾಗಿಂದು ನಮ್ಮ ನಂಬಿಕೆಗೆ."

ಇಷ್ಟು ಸರಳ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೆ ಸೋಲುವವಳಲ್ಲ ಅವಳು. ಎರಡು ದಿನಕ್ಕೆ ಸೇಡು ತೀರಿಸಿಕೊಂಡಳು. ಹೊರದೇಶದವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗಳ ಒಂದು ಲೈಬ್ರರಿಯನ್ನು ಅವನು ಇಳಿಸಿಕೊಂಡು ಬಂದಿದ್ದ. ಖಾನೆಗಳನ್ನೆಲ್ಲ ತಾನೇ ಪರೀಕ್ಷಿಸುತ್ತದೆ, ನಾವು ಬರೆಯುವ ಕೆಲಸವೇ ಇಲ್ಲ ಎಂದು ಹೊಗಳಿದ. ಅವಳು ಅದನ್ನು ಐದು ನಿಮಿಷ ನೋಡಿದಳು.

"ಮನೆತನದ ಹೆಸರು ಕಡ್ಡಾಯ ಅಂತೈತಿ. ನಮ್ಮ ಹುಡುಗ್ಯಾರಿಗೆ ಎಲ್ಲಿ ಐತ್ರಿ ಮನೆತನದ ಹೆಸರು? ಅಪ್ಪನ ಹೆಸರಿನ ಒಂದಕ್ಷರ ಮುಂದ ಇರ್ತತಿ, ಅಷ್ಟ. ಇಮೇಲ್ ಕಡ್ಡಾಯ ಅಂತೈತಿ. ಇಮೇಲ್ ಇದ್ದಾಕಿ ಉಚಿತ ಹಾಸ್ಟೆಲ್‌ಗೆ ಯಾಕ ಬರ್ತಾಳ? ಮತ್ತ, ಒಂದು ಫೋನ್ ನಂಬರಿಗೆ ಒಂದೇ ಅರ್ಜಿ ಅಂತ ನೀವು ಬರದೀರಲ್ಲ, ಅದನ್ನ ತೆಗೀರಿ ಮೊದ್ಲು. ಓಣಿಗೊಂದು ಫೋನು ಇರೋ ಊರು ನಮ್ದು."

ಉಜ್ಜಿನಪ್ಪ ತಲೆ ಕೆರೆದುಕೊಂಡ. "ಇದನ್ನ ಬರೆದೋನು ಕೊಟ್ಟೂರಿಗೆ ಬಂದಿಲ್ಲ ಬಿಡ್ರಿ."

"ಬಂದಿದ್ರ ನಾ ಬಿಡ್ತಿದ್ನೇನು? ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ ಕಳಿಸ್ತಿದ್ದೆ, ಕಣ್ಣಾಗ ನೀರು ಬರೋಂಗ!"

ಇಬ್ಬರೂ ಒಟ್ಟಿಗೆ ನಕ್ಕರು. ಮೊದಲ ಸಲ!

ಹೀಗೆ ಪುಟದ ಕಡೆಗೆ ಒಂದು ಚಿಕ್ಕ ಸಿದ್ಧ ಸಾಮಾನು, ಸರ್ವರ್ ಕಡೆಗೆ ಕೈಯಾರೆ ಬರೆದ ನಿಯಮಗಳು ಎಂದು ತೀರ್ಮಾನವಾಯಿತು. ಅಂಕ ಆರುನೂರ ಇಪ್ಪತ್ತೈದು ದಾಟಬಾರದು, ಊರು ಪಟ್ಟಿಯಲ್ಲಿರಬೇಕು... ಒಂದೊಂದು ನಿಯಮಕ್ಕೂ ಒಂದೊಂದು ಕಪ್ ಚಹಾ. ಅವನು ಚಹಾದ ಮೇಲಿನ ಕೆನೆ ತೆಗೆದು ಕುಡಿಯುತ್ತಾನೆ ಎಂಬುದು ಅವಳಿಗೆ ಗೊತ್ತಾಯಿತು. ಕೆಲಸದ ನಡುವೆ ಯಾರಾದರೂ ಹಳ್ಳಿಯವರು ಬಂದರೆ ಎದ್ದು ಕುರ್ಚಿ ಕೊಡುತ್ತಾನೆ ಎಂಬುದೂ ಗೊತ್ತಾಯಿತು. ಅವನು ಬರದ ದಿನ ಮಧ್ಯಾಹ್ನ ಉದ್ದವಾಗುತ್ತದೆ ಎಂಬುದು ಮಾತ್ರ ಅವಳಿಗೆ ತಡವಾಗಿ ಗೊತ್ತಾಯಿತು.

ಜೂನ್ ಬಂತು. ಅರ್ಜಿಗಳು ಸಾವಿರ ದಾಟಿದವು. ಅದರ ಜೊತೆಗೇ ಒಂದು ತೊಂದರೆಯೂ ಬಂತು. ನೆಟ್ ನಿಧಾನವಾದ್ದರಿಂದ ಹುಡುಗಿಯರು ಬಟನ್ ಮೇಲೆ ಮತ್ತೆ ಮತ್ತೆ ಒತ್ತುತ್ತಿದ್ದರು. ಒಂದೇ ಅರ್ಜಿ ಎರಡೆರಡು, ಮೂರುಮೂರು ಸಲ ಬಂದು ಬೀಳುತ್ತಿತ್ತು.

ಅದೇ ಹೊತ್ತಿಗೆ ಉಜ್ಜಿನಪ್ಪ ಅಕ್ಕನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಊರಿಗೆ ಹೊರಟ. ಹೊರಡುವ ಮುಂಚೆ ಸರ್ವರ್‌ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅವಳ ಕೈಗಿತ್ತ.

"ಏನಾದ್ರೂ ಅರ್ಜೆಂಟ್ ಬಿದ್ರೆ ಇರ್ಲಿ. ಎರಡೆರಡು ಬಂದಿರೋವನ್ನ ಅಳಿಸಬ್ಯಾಡ್ರಿ ಮಾತ್ರ. ಬರೀ ಗುರುತು ಹಾಕಿ ಇಡ್ರಿ. ನಾ ಬಂದ ಮ್ಯಾಲೆ ಇಬ್ರೂ ಕೂತು ಕಣ್ಣಾಗೆ ನೋಡಿ ತೆಗೆಯಾಣ."

"ಆತು ಹೋಗ್ರಿ. ನನಗೇನು ತಿಳಿಯಂಗಿಲ್ಲೇನು?"

ಆ ಚೀಟಿಯನ್ನು ಅವಳು ಪರ್ಸಿನಲ್ಲಿ ಎಷ್ಟು ಜೋಪಾನವಾಗಿ ಇಟ್ಟುಕೊಂಡಳೆಂದರೆ, ಪ್ರೇಮಪತ್ರವನ್ನೂ ಯಾರೂ ಹಾಗೆ ಇಟ್ಟುಕೊಂಡಿರಲಾರರು.

ಎರಡನೆಯ ದಿನ ಕಾರ್ಯದರ್ಶಿಗಳ ಫೋನು. "ಸೋಮವಾರ ಪಟ್ಟಿ ಹಾಕಬೇಕು. ಕಸಾ ತೆಗೀರಿ ಬೇಗ."

ಸುಕನ್ಯಾಗೆ ಹುರುಪು ಬಂತು. ಅವನು ಬರುವಷ್ಟರಲ್ಲಿ ಮುಗಿಸಿ ತೋರಿಸಬೇಕು! ಹುಡುಗಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಮೂರೂ ಒಂದೇ ಆಗಿದ್ದರೆ ಕಡೆಯದನ್ನು ಉಳಿಸಿ ಹಿಂದಿನದನ್ನು ಅಳಿಸು ಎಂದು ಬರೆದಳು. ಎಂಟೇ ಸಾಲು. ಅವನ ಪಾಸ್‌ವರ್ಡ್ ಹಾಕಿ ಓಡಿಸಿದಳು. ಮುನ್ನೂರು ಚಿಲ್ಲರೆ ಅರ್ಜಿಗಳು ಒಂದು ಉಸಿರಿನಲ್ಲಿ ಮಾಯ.

'ನೋಡ್ಲಿ ಈಗ, ಹರಪನಹಳ್ಳಿಯವರು!'

ಹುಟ್ಟಿದ ಊರು ಎನ್ನುವುದು ಮೂಗಿನ ಹಾಗೆ. ಕಣ್ಣಿಗೆ ಅಷ್ಟು ಹತ್ತಿರವಿದ್ದೂ ಕಾಣುವುದಿಲ್ಲ.

ಪಟ್ಟಿ ಬಿದ್ದ ವಾರದ ಗುರುವಾರ ಮಧ್ಯಾಹ್ನ ಟ್ರಸ್ಟ್‌ನ ಜೀಪು ಬಂದು ಬ್ರೌಸಿಂಗ್ ಸೆಂಟರ್ ಮುಂದೆ ನಿಂತಿತು. ಗುರುಬಸವರಾಜರು ಇಳಿದರು. ಹಿಂದಿನಿಂದ ಒಬ್ಬ ಹೆಂಗಸು ಇಳಿದಳು, ಅವಳ ಹಿಂದೆ ಒಬ್ಬಳು ಹುಡುಗಿ. ಇಬ್ಬರ ನಡುವೆ ಹೊಸ ತಗಡಿನ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ಕೆ. ಕೊಟ್ರಮ್ಮ, ಕೊಟ್ಟೂರು.

"ಪಟ್ಟಿಯಾಗ ಕೆ. ಕೊಟ್ರಮ್ಮ ಅಂತ ಹೆಸರು ಬಂದೈತಿ ಅಂತ ಓಣಿಗೆಲ್ಲಾ ಸಕ್ರಿ ಹಂಚೀನಿ ಯಪ್ಪಾ," ಎಂದಳು ಆ ಹೆಂಗಸು, ಪಕ್ಕೀರಮ್ಮ. "ಹಾಸ್ಟೆಲ್‌ಗೆ ಹೋದ್ರ, ನನ್ನ ಮಗಳ ಹಾಸಿಗಿ ಮ್ಯಾಲೆ ಇನ್ನೊಬ್ಬಾಕಿ ಕುಂತಾಳ! ಆಕಿನೂ ಕೊಟ್ರಮ್ಮನ ಅಂತ. ಆಕಿ ಅಪ್ಪನೂ ಕೊಟ್ರಬಸಪ್ಪನ ಅಂತ. ಹಡಗಲಿ ಕಡ್ಯಾಕಿ. ನಿನ್ನ ಅರ್ಜೀನ ಬಂದಿಲ್ಲ ಅಂದ್ರು... ಇಲ್ಲೇ ತುಂಬಿ ಹೋಗೀವಲ್ಲವ್ವಾ, ಅರ್ಜಿ ಬಂತು ಅಂತ ಈ ರಸೀದಿ ಚೀಟಿ ನೀನ ಕೊಟ್ಟಿಯಲ್ಲ?"

ಸುಕನ್ಯಾ ಚೀಟಿ ನೋಡಿದಳು. ಹುಟ್ಟಿದ ದಿನಾಂಕ: ಜೂನ್ ಒಂದು, 1991.

ಅದನ್ನೇ ಮತ್ತೊಮ್ಮೆ ಓದಿದಳು.

ಜೂನ್ ಒಂದು! ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಹೆಡ್ ಮಾಸ್ತರರು ಬರೆದುಕೊಳ್ಳುವ ದಿನ. ಸುತ್ತಿನ ಹಳ್ಳಿಗಳಲ್ಲಿ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಸುಕನ್ಯಾ ಕೂಡ! "ನೀ ಹುಟ್ಟಿದ್ದು ಜ್ವಾಳ ಕೊಯ್ಯೋವಾಗ," ಎಂದು ಅವಳ ತಾಯಿ ಕಲ್ಯಾಣಮ್ಮ ಎಷ್ಟು ಸಲ ನಕ್ಕಿಲ್ಲ! ಇನ್ನು ಹೆಸರು... ಕೊಟ್ಟೂರಿನ ಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಮನೆಗೊಬ್ಬ ಕೊಟ್ರಬಸಪ್ಪ, ಮನೆಗೊಬ್ಬಳು ಕೊಟ್ರಮ್ಮ. ಅವಳ ಎಂಟು ಸಾಲು ಬೇರೆ ಬೇರೆ ಊರಿನ ಹುಡುಗಿಯರನ್ನು ಒಬ್ಬಳೇ ಹುಡುಗಿ ಎಂದು ತಿಳಿದು ಅಳಿಸಿಹಾಕಿತ್ತು. ಊರಿನ ಹೆಸರನ್ನಾದರೂ ಕೂಡಿಸಿ ನೋಡು ಎಂದು ಅವಳು ಬರೆದಿರಲೇ ಇಲ್ಲ.

ಹೊರದೇಶದವನು ಕೊಟ್ಟೂರಿಗೆ ಬಂದಿಲ್ಲ ಎಂದು ನಕ್ಕಿದ್ದಳಲ್ಲ... ಅವಳು ಕೊಟ್ಟೂರಿನಲ್ಲೇ ಹುಟ್ಟಿದವಳು!

"ಸರ್ವರ್ ಯಾರ ಕೈಯಾಗಿತ್ತು?" ಗುರುಬಸವರಾಜರು ಗುಡುಗಿದರು.

ಉಜ್ಜಿನಪ್ಪ ಮೂಲೆಯಲ್ಲಿ ನಿಂತಿದ್ದ. ಆ ದಿನವೇ ಊರಿನಿಂದ ಮರಳಿದ್ದ. "ನನ್ನ ಕೈಯಾಗೇ ಸರ್," ಎಂದ. ಹೇಳಿ, ಸುಕನ್ಯಾಳ ಕಡೆ ನೋಡಿದ.

ಒಂದೇ ಒಂದು ಮಾತು ಸಾಕಿತ್ತು. 'ನಾನು ಮಾಡಿದ್ದು' ಎಂಬ ಮಾತು.

ಅವಳು ಕೀಬೋರ್ಡ್ ನೋಡುತ್ತ ಕೂತಳು.

"ನಾಳಿಂದ ಬರಬ್ಯಾಡ್ರಿ ನೀವು," ಎಂದರು ಕಾರ್ಯದರ್ಶಿಗಳು.

ಅವನು ಮತ್ತೊಮ್ಮೆ ಅವಳ ಕಡೆ ನೋಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ಪಕ್ಕೀರಮ್ಮ ಟ್ರಂಕಿನ ಒಂದು ಹಿಡಿ ಹಿಡಿದಳು, ಮಗಳು ಇನ್ನೊಂದು. "ನಡಿಯವ್ವಾ... ಗುಡೇಕೋಟಿ ಮಾವ ಹೆಣ್ಣು ಕೇಳಿದ್ದಕ್ಕ ಹ್ಞೂಂ ಅಂದುಬಿಡ್ತೀನಿ ಇನ್ನ," ಎನ್ನುತ್ತಿದ್ದುದು ಕೇಳಿಸಿತು. ಹದಿನಾರರ ಹುಡುಗಿ. ಆರುನೂರ ಇಪ್ಪತ್ತೈದಕ್ಕೆ ಐನೂರ ನಲವತ್ತು ಅಂಕ ತೆಗೆದ ಹುಡುಗಿ!

ತಪ್ಪು ಮಾಡಿದವರಿಗೆ ಅನ್ನ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ ಎಂದು ಕಥೆಗಳಲ್ಲಿ ಬರೆಯುತ್ತಾರೆ. ಹಾಗೇನೂ ಆಗಲಿಲ್ಲ. ಸುಕನ್ಯಾಳಿಗೆ ಹಸಿವಾಯಿತು, ಎರಡು ರೊಟ್ಟಿ ತಿಂದಳು. ಅದೇ ಅವಳಿಗೆ ಎಲ್ಲಕ್ಕಿಂತ ನಾಚಿಕೆಯ ವಿಷಯವಾಯಿತು. 'ಇಷ್ಟಾದ ಮ್ಯಾಲೂ ತಿಂತೀಯಲ್ಲ... ಥೂ!'

ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂದಾಗ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಭಯ ಕೂಡಿಕೊಂಡಿತು. ಸುಮ್ಮನಿದ್ದ ಒಂದೊಂದು ದಿನವೂ ಹೊಸ ತಪ್ಪಾಗಿ ಬೆಳೆಯಿತು. ಓಣಿಯಲ್ಲಿ ಎಲ್ಲರೂ ಅವಳನ್ನು 'ಕಂಪ್ಯೂಟರ್ ಸುಕನ್ಯಾ' ಎನ್ನುತ್ತಿದ್ದರು. ಆ ಹೆಸರು ಕೇಳಿದರೆ ಮೈ ಮುದುಡುತ್ತಿತ್ತು.

ಅವನಿಗೆ ಫೋನ್ ಮಾಡಲು ನಂಬರ್ ಒತ್ತಿದಳು. ರಿಂಗ್ ಆಗುವ ಮೊದಲೇ ಕತ್ತರಿಸಿದಳು. 'ಏನಂತ ಹೇಳಲಿ? ನಿಮ್ಮ ಕೀಲಿಯಿಂದಲೇ ನಿಮ್ಮ ಮನಿ ಕೆಡವಿದೆ ಅಂತಲಾ?'

ಸೋಮವಾರ ಜಂಬಣ್ಣ ಅವಳ ಮುಂದೆ ಸ್ಟೂಲ್ ಎಳೆದುಕೊಂಡು ಕೂತ.

"ಯವ್ವಾ, ಶನಿವಾರಕ್ಕ ಹಾಸ್ಟೆಲ್ ಸೇರೋ ಕಡೇ ದಿನ. ಆಮ್ಯಾಲೆ ಏನು ಹೇಳಿದ್ರೂ ಉಪಯೋಗಿಲ್ಲ."

ಅವಳು ಬೆಚ್ಚಿ ನೋಡಿದಳು. "ನಾ... ನಾ ಏನು ಹೇಳಲಿ ಅಣ್ಣಾ?"

"ನಂಗೇನು ಗೊತ್ತು? ನಂಗ ಕಂಪ್ಯೂಟರ್ ಬರಂಗಿಲ್ಲ. ಮನುಷ್ಯಾರು ಸ್ವಲ್ಪ ತಿಳೀತಾರ. ಆ ಹುಡುಗ ಹೋದಾಗಿಂದ ನೀ ಅವನ ಕುರ್ಚಿಗೆ ಬೆನ್ನು ತಿರುವಿ ಕುಂತೀದಿ." ಜಂಬಣ್ಣ ಎದ್ದ. "ಅಂಗಡಿ ಮರ್ಯಾದಿ ಹೋಗ್ತತಿ ಅಂತ ನನ್ನ ಚಿಂತಿ ಮಾಡಬ್ಯಾಡ. ಹೋದ್ರ ಹೋಗ್ಲಿ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಸರ್ವರ್ ತೆರೆದಳು.

ಅಲ್ಲಿ ಒಂದು ಕಡತವಿತ್ತು. ಅರ್ಜಿಗಳು ಬಂದದ್ದನ್ನು ಬಂದ ಹಾಗೆಯೇ, ಒಂದಕ್ಷರ ತಿದ್ದದೆ ಬರೆದಿಡುವಂತೆ ಉಜ್ಜಿನಪ್ಪ ಮೊದಲ ದಿನವೇ ಏರ್ಪಾಟು ಮಾಡಿದ್ದ. ಅವಳು ಅಳಿಸಿದ್ದೆಲ್ಲ ಅದರಲ್ಲಿ ಉಳಿದಿತ್ತು. ಸಾಲು ಸಾಲಾಗಿ ಕಣ್ಣಿನಲ್ಲೇ ಹೋಲಿಸಿದಳು. ಈ ಸಲ ಕಂಪ್ಯೂಟರಿನ ನಿಯಮಕ್ಕೆ ಬಿಡಲಿಲ್ಲ. ಎರಡು ಹಗಲು ಹಿಡಿಯಿತು. ಹನ್ನೊಂದು ಹುಡುಗಿಯರು ಅನ್ಯಾಯವಾಗಿ ಅಳಿಸಿಹೋಗಿದ್ದರು. ಅವರಲ್ಲಿ ಐವರದು ಸೀಟು ಸಿಗಲೇಬೇಕಾದ ಅಂಕ.

ಬುಧವಾರ ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯ ಬಸ್ ಹತ್ತಿದಳು. ಗುರುಬಸವರಾಜರ ಮೇಜಿನ ಮುಂದೆ ನಿಂತು ಹಾಳೆ ಇಟ್ಟಳು.

"ಅಳಿಸಿದಾಕಿ ನಾನು ಸರ್. ಉಜ್ಜಿನಪ್ಪ ಊರಾಗ ಇರಲಿಲ್ಲ. ಅಳಿಸಬ್ಯಾಡ ಅಂತ ಹೇಳಿ ಹೋಗಿದ್ರು. ಅವರ ಪಾಸ್‌ವರ್ಡ್ ನನ್ನ ಹತ್ರ ಇತ್ತು. ಅವತ್ತು ನೀವು ಕೇಳಿದಾಗ ನನಗ ಗೊತ್ತಿತ್ತು. ಸುಮ್ಮನ ಕುಂತೆ."

ಗುರುಬಸವರಾಜರು ಹಾಳೆ ಪೂರ್ತಿ ಓದಿದರು. "ತಪ್ಪು ಮಾಡಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಆ ಹುಡುಗನ್ನ ನಾ ಬೈಯುವಾಗ ಕುಂತು ಕೇಳಿದಿಯಲ್ಲ ತಂಗಿ..."

"ಹೌದು ಸರ್," ಎಂದಳು.

ಅವರು ಬೈದರು. ಬೈದು ಮುಗಿಸಿ ಹಾಸ್ಟೆಲ್‌ಗೆ ಫೋನ್ ಮಾಡಿ, ಐದು ಹಾಸಿಗೆ ಹೆಚ್ಚಿಗೆ ಹಾಕಲು ಹೇಳಿದರು. ಮರುದಿನ ಸುಕನ್ಯಾ ತಾನೇ ಪಕ್ಕೀರಮ್ಮನ ಮನೆಗೆ ಹೋದಳು. ಪಕ್ಕೀರಮ್ಮ ಬಾಯಿಗೆ ಬಂದಂತೆ ಬೈದಳು, ಬೈಯುತ್ತಲೇ ಚಹಾ ಕೊಟ್ಟಳು. ಕೊಟ್ರಮ್ಮ ಎದ್ದು ಒಳಗೆ ಹೋದಳು. ಟ್ರಂಕು ಎಳೆಯುವ ಸದ್ದು ಕೇಳಿಸಿತು.

ಶನಿವಾರದೊಳಗೆ ನಾಲ್ವರು ಬಂದು ಸೇರಿದರು. ಹಿರೇಹಡಗಲಿಯ ಐದನೆಯವಳು ಬರಲಿಲ್ಲ. ಸೀಟು ಸಿಗಲಿಲ್ಲವೆಂದು ಮನೆಯವರು ಅವಳಿಗೆ ಗಂಡು ಗೊತ್ತು ಮಾಡಿದ್ದರು. ಎಲೆ ಅಡಿಕೆ ಬದಲಾಗಿತ್ತು.

ಭಾನುವಾರ ಬೆಳಿಗ್ಗೆ ಹರಪನಹಳ್ಳಿ. ಅಣ್ಣನ ಡಿಟಿಪಿ ಅಂಗಡಿಯಲ್ಲಿ ಉಜ್ಜಿನಪ್ಪ ಒಬ್ಬನೇ ಕೂತು ಕರಪತ್ರ ಟೈಪ್ ಮಾಡುತ್ತಿದ್ದ. ಬಾಗಿಲಲ್ಲಿ ನಿಂತ ಸುಕನ್ಯಾಳನ್ನು ನೋಡಿ ಅವನ ಬೆರಳು ನಿಂತವು.

"ಕುಂದರಂಗಿಲ್ಲ. ನಿಂತ ಹೇಳ್ತೀನಿ," ಎಂದಳು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲೋ ಹೋಗಿದ್ದವು. "ಅದು ನಾ ಮಾಡಿದ್ದು..."

"ಗೊತ್ತು."

"ಯಾವಾಗಿಂದ?"

"ಅವತ್ತೇ. ಮನೆಗೆ ಬಂದು ತೆರೆದು ನೋಡ್ದೆ. ನೀವು ಬರೆದ ಸಾಲು ನಂಗೆ ಗೊತ್ತಾಗಲ್ವಾ?"

"ಮತ್ಯಾಕ ಹೇಳಲಿಲ್ಲ ಕಾರ್ಯದರ್ಶಿಗಳಿಗೆ? ನನ್ನ... ಉಳಿಸಾಕ?"

ಅವನು ತಲೆ ಬಗ್ಗಿಸಿದ. ಕಿವಿ ಕೆಂಪಾಗಿದ್ದವು.

"ಹಂಗೆ ಅಂದ್ಕಬ್ಯಾಡ್ರಿ. ನಾನೂ ಅಂಥಾ ದೊಡ್ಡ ಮನುಷ್ಯ ಅಲ್ಲ. ಸಿಟ್ಟಿತ್ತು. ಇವಳು ಬಾಯಿ ಬಿಡ್ತಾಳಾ ಇಲ್ವಾ ನೋಡೇ ಬಿಡಾಣ ಅಂತ ಹಟಕ್ಕೆ ಕೂತೆ. ಆ ಕಡತ ಇರೋದು ನಂಗೂ ಗೊತ್ತಿತ್ತು. ಒಂದು ಫೋನ್ ಮಾಡಿದ್ರೆ ಆ ಹುಡುಗ್ಯಾರು ಮರುದಿನಾನೇ ಸೇರ್ತಿದ್ರು." ಅವನು ಕೀಬೋರ್ಡ್ ಪಕ್ಕಕ್ಕೆ ಸರಿಸಿದ. "ನಿಮ್ಮನ್ನ ಪರೀಕ್ಷೆ ಮಾಡಾಕೆ ಹೋಗಿ ಅವ್ರನ್ನ ಮರೆತೆ. ಆರು ದಿನ! ಕಾರ್ಯದರ್ಶಿಗಳು ಬುಧವಾರ ಫೋನ್ ಮಾಡಿ ವಾಪಸ್ ಬಾ ಅಂದ್ರು. ಯಾವ ಮುಖ ಇಟ್ಕಂಡು ಹೋಗ್ಲಿ?"

ಸುಕನ್ಯಾ ನಿಲ್ಲಲಾರದೆ ಕೂತಳು. ತಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ನಾಚಿಕೆಯನ್ನು ಇನ್ನೊಬ್ಬ ಇನ್ನೊಂದು ಊರಿನಲ್ಲಿ ಹೊತ್ತು ಕೂತಿದ್ದ.

"ನಾಲ್ಕು ಮಂದಿ ಬಂದ್ರು," ಎಂದಳು ಮೆಲ್ಲಗೆ. "ಹಿರೇಹಡಗಲಿ ಹುಡುಗಿ ಬರಲಿಲ್ಲ. ಮದುವಿ ಗೊತ್ತಾಗೈತಿ. ಇಲ್ಲಿಂದ ನಾ ಅಲ್ಲಿಗೇ ಹೊಂಟೀನಿ. ಅವರಪ್ಪನ ಮುಂದ ನಿಂತು ಹೇಳಬೇಕು. ಒಂದು ವರ್ಷ ತಡೀರಿ ಅಂತ ಕೇಳ್ತೀನಿ. ಕೇಳ್ತಾರೋ ಬಿಡ್ತಾರೋ..."

"ಕೇಳಲ್ಲ. ಓಡಿಸ್ತಾರೆ."

"ಓಡಿಸ್ಲಿ."

ಉಜ್ಜಿನಪ್ಪ ಅವಳನ್ನೇ ನೋಡಿದ. ಕಂಪ್ಯೂಟರ್ ಆರಿಸಿದ, ಎದ್ದ, ಅಂಗಡಿಯ ಶಟರ್ ಅರ್ಧ ಎಳೆದ.

"ಎಲ್ಲಿಗ್ರೀ?"

"ನಿಮ್ಮ ಜೊತೆಗೆ. ಒಬ್ರೇ ಯಾಕೆ ಬೈಸ್ಕಳ್ತೀರಿ? ಅರ್ಧ ನನ್ನ ಪಾಲಿಂದು."

ಅವಳ ಕಣ್ಣು ತುಂಬಿದವು. "ಸಿಟ್ಟು... ಹೋತೇನು ನನ್ನ ಮ್ಯಾಲಿಂದು?"

"ಇನ್ನೂ ಸ್ವಲ್ಪ ಐತೆ," ಎಂದ ಅವನು. "ಆದ್ರೆ ಸುಕನ್ಯಾ, ಸಿಟ್ಟು ಇಟ್ಕಂಡೇ ದಿನಾ ಕಾಯ್ತಿದ್ದೆ, ಕೊಟ್ಟೂರು ಬಸ್ ಬಂದಾಗೆಲ್ಲ. ಪ್ರೀತಿ ಇಲ್ದಿದ್ರೆ ಹಂಗೆ ಯಾರು ಕಾಯ್ತಾರೆ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಅಲ್ಲಿ ಅವರಪ್ಪ, ಇವರು ಯಾರಮ್ಮಾ ನಿನಗ ಅಂತ ಕೇಳಿದ್ರ ಏನು ಹೇಳಲಿ?"

"ಇವಳ ಜೊತೆ ಬೈಸ್ಕಳಾಕೆ ಬಂದೋನು ಅಂತ ನಾನೇ ಹೇಳ್ತೀನಿ. ಇವತ್ತಿಗಷ್ಟೇ ಅಲ್ಲ, ಜೀವನಪೂರ್ತಿ ಅಂತ."

"ಮೊದ್ಲು ನಮ್ಮವ್ವನ ಹತ್ರ ಬೈಸ್ಕೋರಿ. ಆಕಿ ನಾಲಿಗಿ ನಿಮಗ ಗೊತ್ತಿಲ್ಲ."

"ಅದಕ್ಕೂ ಬರ್ತೀನಿ," ಎಂದು ಅವನು ಅವಳ ಚೀಲ ತೆಗೆದುಕೊಂಡ. "ನಡಿ, ಹಿರೇಹಡಗಲಿ ಬಸ್ ಹತ್ತು ಗಂಟೆಗೆ."